ಶಿಕಾಗೋದ ಗುಂಡೇಟುಗಳನ್ನು ನಕ್ಷೆಗೆ ಇಳಿಸುವುದು ಹೇಗೆ?

ಪ್ರಶ್ನೆ: ನಾನು ಶಿಕಾಗೋದಲ್ಲಿ ನಗರ ಯೋಜನೆ ಓದುತ್ತಿದ್ದೇನೆ. ತರಗತಿಯ ಪ್ರಾಜೆಕ್ಟಿಗಾಗಿ ನಗರದ ಯಾವ ಭಾಗದಲ್ಲಿ ಎಷ್ಟು ಗುಂಡೇಟು ಆಗುತ್ತಿದೆ ಎಂಬ ನಕ್ಷೆ ಮಾಡಬೇಕು. ನಗರಾಡಳಿತದ ಡೇಟಾ ಪೋರ್ಟಲ್‌ನಿಂದ ಪೊಲೀಸ್ ದತ್ತಾಂಶ ಇಳಿಸಿಕೊಂಡು, ನಗರವನ್ನು ಹಂಚಿರುವ 77 ಕಮ್ಯುನಿಟಿ ಏರಿಯಾಗಳಿಗೆ ಎಣಿಕೆಗೆ ತಕ್ಕಂತೆ ಕೆಂಪು ಬಣ್ಣ ಹಚ್ಚಿದೆ. ಪ್ರಾಧ್ಯಾಪಕರು ನೋಡಿ, ‘ಇದರಲ್ಲಿ ಅರ್ಧ ಜನಸಂಖ್ಯೆಯ ನಕ್ಷೆ, ಇನ್ನರ್ಧ ಗಡಿಗೆರೆಗಳ ನಕ್ಷೆ’ ಎಂದು ವಾಪಸ್ ಕೊಟ್ಟರು. ಎಲ್ಲಿ ತಪ್ಪಿದೆ? ಮಾಡುವ ಕ್ರಮ ಯಾವುದು? ಇನ್ನೊಂದು: ಊರಿನಿಂದ ಓದಲು ಬರುತ್ತಿರುವ ಹುಡುಗರು ‘ಯಾವ ಏರಿಯಾದಲ್ಲಿ ರೂಮ್ ಹಿಡಿಯಬಾರದು’ ಎಂದು ಇದೇ ನಕ್ಷೆ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ನಿಮ್ಮ ಪ್ರಾಧ್ಯಾಪಕರು ಖಾರವಾಗಿ ಹೇಳಿದರೂ ಸರಿಯಾಗಿಯೇ ಹೇಳಿದ್ದಾರೆ. ಆಸ್ಟಿನ್ ಏರಿಯಾದಲ್ಲಿ ಸುಮಾರು 96,000 ಜನ ಇದ್ದಾರೆ, ಫುಲ್ಲರ್ ಪಾರ್ಕ್‌ನಲ್ಲಿ ಸುಮಾರು 2,500. ಬರೀ ಎಣಿಕೆಗೆ ಬಣ್ಣ ಹಚ್ಚಿದರೆ ಆಸ್ಟಿನ್ ಪ್ರತಿ ಸಲ ಕಡುಗೆಂಪು, ಫುಲ್ಲರ್ ಪಾರ್ಕ್ ಪ್ರತಿ ಸಲ ತೆಳುಗುಲಾಬಿ. ಎಣಿಕೆಯನ್ನು ಜನಸಂಖ್ಯೆಯಿಂದ ಭಾಗಿಸಿಬಿಟ್ಟರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಆಗ ಬೇರೆಯೇ ಒಂದು ತಪ್ಪು ಒಳಗೆ ಬರುತ್ತದೆ. ಎಲ್ಲಕ್ಕಿಂತ ದೊಡ್ಡ ತೊಂದರೆ ಕಮ್ಯುನಿಟಿ ಏರಿಯಾ ಎಂಬ ಅಳತೆಯಲ್ಲೇ ಇದೆ. ಗುಂಡೇಟು ಬಡಾವಣೆಯ ಉದ್ದಗಲಕ್ಕೂ ಹರಡುವಂಥದ್ದಲ್ಲ. ಕೆಲವೇ ಬೀದಿಗಳಲ್ಲಿ, ಕೆಲವೇ ಮೂಲೆಗಳಲ್ಲಿ ಕಟ್ಟಿಕೊಂಡಿರುತ್ತದೆ. ಇಡೀ ಏರಿಯಾಕ್ಕೆ ಒಂದೇ ಬಣ್ಣ ಬಳಿದರೆ ಆ ಬೀದಿಗಳು ಸರಾಸರಿಯಲ್ಲಿ ಮುಳುಗಿಹೋಗುತ್ತವೆ, ಏನೂ ಆಗದ ನೂರಾರು ಬೀದಿಗಳಿಗೆ ಸುಮ್ಮನೆ ಕಳಂಕ ಹತ್ತುತ್ತದೆ.

ಮೊದಲಿಗೆ, ಏನನ್ನು ಎಣಿಸುತ್ತಿದ್ದೀರಿ ಎಂಬುದನ್ನು ಗಟ್ಟಿ ಮಾಡಿಕೊಳ್ಳಿ. ‘ಬಂದೂಕಿನ ಹಿಂಸೆ’ ಎಂದರೆ ಈ ನಗರದ ಕಡತಗಳಲ್ಲಿ ಮೂರು ಬೇರೆ ಬೇರೆ ವಸ್ತು. ಒಂದು, ಗುಂಡು ತಗುಲಿದ ಮನುಷ್ಯರು, ಸತ್ತವರೂ ಬದುಕಿದವರೂ ಸೇರಿ. ಎರಡು, ಬಂದೂಕು ತೋರಿಸಿ ಮಾಡಿದ ದರೋಡೆ, ಬೆದರಿಕೆ ಮತ್ತು ಅಕ್ರಮವಾಗಿ ಬಂದೂಕು ಇಟ್ಟುಕೊಂಡ ಪ್ರಕರಣಗಳು. ಮೂರು, ಗುಂಡಿನ ಸದ್ದು ಕೇಳಿತೆಂದು ಬಂದ ಕರೆಗಳು ಅಥವಾ ಸದ್ದು ಹಿಡಿಯಲು ಬೀದಿಗಳಲ್ಲಿ ಇಟ್ಟ ಮೈಕುಗಳ ಸಂದೇಶಗಳು. ಮೊದಲನೆಯದನ್ನೇ ಹಿಡಿಯಿರಿ. ಅಕ್ರಮ ಬಂದೂಕಿನ ಪ್ರಕರಣಗಳ ನಕ್ಷೆ ತೋರಿಸುವುದು ಪೊಲೀಸರು ಎಲ್ಲಿ ಹೆಚ್ಚು ತಪಾಸಣೆ ಮಾಡುತ್ತಾರೆ ಎಂಬುದನ್ನು. ಮೈಕುಗಳದ್ದಂತೂ ಇನ್ನೂ ಕಷ್ಟ. ಶಾಟ್‌ಸ್ಪಾಟರ್ ಎಂಬ ಈ ಮೈಕುಗಳು ಇದ್ದದ್ದು 22 ಪೊಲೀಸ್ ಜಿಲ್ಲೆಗಳ ಪೈಕಿ 12ರಲ್ಲಿ ಮಾತ್ರ, ಅದೂ 2024ರ ಸೆಪ್ಟೆಂಬರ್‌ವರೆಗೆ. ಆ ದತ್ತಾಂಶ ಹಾಕಿದರೆ ನಗರದ ದಕ್ಷಿಣ ಮತ್ತು ಪಶ್ಚಿಮ ಭಾಗಗಳಲ್ಲಿ ಚುಕ್ಕೆಗಳು ಗಿಜಿಗುಟ್ಟುತ್ತವೆ, ಪೊಲೀಸ್ ಜಿಲ್ಲೆಯ ಗೆರೆ ದಾಟುತ್ತಲೇ ನಕ್ಷೆ ಖಾಲಿಯಾಗುತ್ತದೆ. ಅದು ಮೈಕು ಹಾಕಿದ ಗುತ್ತಿಗೆಯ ಗಡಿ, ಹಿಂಸೆಯ ಗಡಿ ಅಲ್ಲ. ನಗರದ ಇನ್ಸ್‌ಪೆಕ್ಟರ್ ಜನರಲ್ ಕಚೇರಿ 2021ರಲ್ಲಿ ಪರಿಶೀಲಿಸಿದಾಗ, ಬಂದೂಕಿನ ಅಪರಾಧದ ಸಾಕ್ಷ್ಯ ಸಿಕ್ಕಿದ್ದು ಅಂಥ ಸಂದೇಶಗಳಲ್ಲಿ ಸುಮಾರು 9%ಕ್ಕೆ ಮಾತ್ರ.

ಆತ್ಮಹತ್ಯೆಯ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಅಮೆರಿಕದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆತ್ಮಹತ್ಯೆ ಮಾಡಿಕೊಂಡವರು. 2021ರಲ್ಲಿ ಒಟ್ಟು 48,830 ಸಾವುಗಳಲ್ಲಿ ಅವರ ಪಾಲು ಸುಮಾರು 54%. ಪೊಲೀಸರ ಗುಂಡೇಟು ಕಡತದಲ್ಲಿ ಅವರು ಇರುವುದಿಲ್ಲ. ಕುಕ್ ಕೌಂಟಿಯ ಮೆಡಿಕಲ್ ಎಕ್ಸಾಮಿನರ್ ಕಡತದಲ್ಲಿ ಇರುತ್ತಾರೆ. ಅದು ಬೇರೆಯೇ ಭೂಗೋಳ, ಬೇರೆಯೇ ಕಾರಣಗಳು. ಎರಡನ್ನೂ ಒಂದೇ ನಕ್ಷೆಯಲ್ಲಿ ಕಲಸಬೇಡಿ. ಆದರೆ ಶೀರ್ಷಿಕೆಯಲ್ಲಿ ‘ಬಂದೂಕಿನ ಸಾವುಗಳು’ ಎಂದು ಹಾಕುವ ಬದಲು ‘ಹಲ್ಲೆಯಲ್ಲಿ ಗುಂಡು ತಗುಲಿದವರು’ ಎಂದು ಸ್ಪಷ್ಟವಾಗಿ ಬರೆಯಿರಿ.

ಇನ್ನು ಕಡತ. ಪೋರ್ಟಲ್‌ನಲ್ಲಿ 2001ರಿಂದೀಚಿನ ಎಲ್ಲ ಅಪರಾಧಗಳ ದೊಡ್ಡ ಕಡತ ಒಂದಿದೆ. ಬಹುಶಃ ನೀವು ಇಳಿಸಿಕೊಂಡದ್ದು ಅದನ್ನೇ. ಅದರಲ್ಲಿ ಗುಂಡೇಟನ್ನು ಹೆಕ್ಕಲು ಐಯುಸಿಆರ್ ಎಂಬ ಸಂಕೇತ ಸಂಖ್ಯೆಗಳನ್ನು ನಂಬಬೇಕು. 0110 ಎಂದರೆ ಕೊಲೆ, 041ಎ ಎಂದರೆ ಕೈಬಂದೂಕಿನಿಂದ ಗಂಭೀರ ಹಲ್ಲೆ. ಆದರೆ ಕೊಲೆಯ ಸಂಕೇತ ಚಾಕುವಿನ ಕೊಲೆಗೂ ಅದೇ, ಹಲ್ಲೆಯ ಸಂಕೇತ ಬಂದೂಕಿನ ಹಿಡಿಯಿಂದ ತಲೆಗೆ ಹೊಡೆದದ್ದಕ್ಕೂ ಅದೇ. ಹಾಗಾಗಿ ಆ ಕಡತ ಬಿಡಿ. ಕೊಲೆಯಾದವರು ಮತ್ತು ಗುಂಡು ತಗುಲಿ ಬದುಕಿದವರ ಪ್ರತ್ಯೇಕ ಕಡತವೇ ಅಲ್ಲಿದೆ. ಕೊಲೆಗಳು 1991ರಿಂದ ಸಿಗುತ್ತವೆ, ಬದುಕಿದವರದ್ದು 2010ರಿಂದ. ಅದಕ್ಕೆ ಮುಂಚಿನ ಬದುಕಿದವರ ದತ್ತಾಂಶ ನಂಬಲರ್ಹವಲ್ಲವೆಂದು ನಗರವೇ ಹೇಳುತ್ತದೆ. ಆದ್ದರಿಂದ ಎರಡನ್ನೂ ಸೇರಿಸಿದ ಗ್ರಾಫ್ 1991ರಿಂದ ಎಳೆದರೆ 2010ರಲ್ಲಿ ಸುಳ್ಳು ಏರಿಕೆಯೊಂದು ಕಾಣಿಸಿಕೊಳ್ಳುತ್ತದೆ.

ಈ ಕಡತದಲ್ಲಿ ಒಂದು ಸಾಲು ಎಂದರೆ ಒಬ್ಬ ವ್ಯಕ್ತಿ, ಒಂದು ಘಟನೆ ಅಲ್ಲ. ‘ಗನ್‌ಶಾಟ್ ಇಂಜುರಿ’ ಎಂಬ ಕಾಲಂನಲ್ಲಿ ‘ಹೌದು’ ಎಂದಿರುವ ಸಾಲುಗಳನ್ನಷ್ಟೇ ಉಳಿಸಿಕೊಳ್ಳಿ. ಆಮೇಲೆ ಕೇಸ್ ನಂಬರ್ ಹಿಡಿದು ಗುಂಪು ಮಾಡಿ, ಎರಡು ಎಣಿಕೆ ಇಟ್ಟುಕೊಳ್ಳಿ: ಗಾಯಗೊಂಡವರೆಷ್ಟು, ಘಟನೆಗಳೆಷ್ಟು. ಒಂದು ಪಾರ್ಟಿಯಲ್ಲಿ ಏಳು ಜನಕ್ಕೆ ಗುಂಡು ಬಿದ್ದರೆ ಏಳು ಸಾಲು ಆಗುತ್ತದೆ. ವ್ಯಕ್ತಿಗಳ ನಕ್ಷೆಯಲ್ಲಿ ಆ ಬೀದಿ ವರ್ಷವಿಡೀ ರಕ್ತ ಹರಿದಂತೆ ಕಾಣುತ್ತದೆ, ಆಗಿದ್ದು ಮಾತ್ರ ಒಂದು ರಾತ್ರಿ. ಆಸ್ಪತ್ರೆ, ಪುನರ್ವಸತಿ ಕುರಿತ ಪ್ರಶ್ನೆಗೆ ವ್ಯಕ್ತಿಗಳನ್ನು ಎಣಿಸಿ. ಸ್ಥಳದ ಕುರಿತ ಪ್ರಶ್ನೆಗೆ ಘಟನೆಗಳನ್ನು. ನಿಮ್ಮದು ಎರಡನೆಯದು.

ಕಡತ ದಿನವೂ ಬದಲಾಗುತ್ತಿರುತ್ತದೆ. ಗಾಯಗೊಂಡವರು ವಾರಗಳ ಮೇಲೆ ತೀರಿಕೊಂಡರೆ ವರ್ಗ ಬದಲಾಗುತ್ತದೆ. ಇಳಿಸಿಕೊಂಡ ದಿನಾಂಕವನ್ನು ಫೈಲಿನ ಹೆಸರಲ್ಲೇ ಹಾಕಿ, ಮೂಲ ಪ್ರತಿಯನ್ನು ಮುಟ್ಟದೆ ಇಡಿ. ಮತ್ತೊಂದು ಎಚ್ಚರ: ಡ್ಯಾನ್ ರಯನ್‌ನಂಥ ಎಕ್ಸ್‌ಪ್ರೆಸ್‌ವೇಗಳಲ್ಲಿ ಆಗುವ ಗುಂಡೇಟು ಇಲಿನಾಯ್ ರಾಜ್ಯ ಪೊಲೀಸರ ವ್ಯಾಪ್ತಿ. ನಗರ ಪೊಲೀಸರು ಘೋಷಿಸುವ ಕೊಲೆಗಳ ಲೆಕ್ಕದಲ್ಲಿ ಅವು ಬರುತ್ತಿರಲಿಲ್ಲ, ಪೊಲೀಸರೇ ಹಾರಿಸಿದ ಗುಂಡಿನ ಸಾವುಗಳೂ ಬರುತ್ತಿರಲಿಲ್ಲ. ಪತ್ರಿಕೆಯ ಸಂಖ್ಯೆಗೂ ನಿಮ್ಮ ಸಂಖ್ಯೆಗೂ ತಾಳೆಯಾಗದಿದ್ದರೆ ಮೊದಲು ನೋಡಬೇಕಾದದ್ದು ಇದನ್ನು.

ಈಗ ನಕ್ಷೆ ಮಾಡುವ ಕ್ಯೂಜಿಐಎಸ್ ಸಾಫ್ಟ್‌ವೇರ್ ತೆರೆದು ಚುಕ್ಕೆಗಳನ್ನು ಹಾಕಿ. ಅಪರಾಧಗಳ ದೊಡ್ಡ ಕಡತ ಬಳಸಿದ್ದರೆ ಕೆಲವು ಚುಕ್ಕೆ ನೂರಾರು ಮೈಲಿ ದಕ್ಷಿಣಕ್ಕೆ, ಮಿಸ್ಸೌರಿ ರಾಜ್ಯದ ಒಳಗೆ ಹೋಗಿ ಕೂತಿರುವುದನ್ನು ನೋಡಿ ಬೆಚ್ಚಬೇಡಿ. ಅಕ್ಷಾಂಶ 36.6, ರೇಖಾಂಶ ಮೈನಸ್ 91.7ರ ಹತ್ತಿರ ಇರುತ್ತವೆ. ಶಿಕಾಗೋ ಬಳಸುವುದು ಇಲಿನಾಯ್ ಪೂರ್ವ ಸ್ಟೇಟ್ ಪ್ಲೇನ್ ಅಳತೆ, ಅಡಿಗಳಲ್ಲಿ. ವಿಳಾಸ ಪತ್ತೆಯಾಗದ ಸಾಲಿಗೆ ಅದರಲ್ಲಿ ಎಕ್ಸ್ ಸೊನ್ನೆ, ವೈ ಸೊನ್ನೆ ಎಂದು ತುಂಬಿದ್ದಾರೆ. ಆ ಅಳತೆಯ ಸೊನ್ನೆ ಬಿಂದು ಬೀಳುವುದು ಮಿಸ್ಸೌರಿಯಲ್ಲಿ. ಅಕ್ಷಾಂಶ 41.64ರಿಂದ 42.03, ರೇಖಾಂಶ ಮೈನಸ್ 87.94ರಿಂದ ಮೈನಸ್ 87.52ರ ಚೌಕದ ಹೊರಗಿರುವ ಸಾಲುಗಳನ್ನು ಬೇರೆ ತೆಗೆಯಿರಿ. ಆದರೆ ಅಳಿಸಬೇಡಿ. ಯಾವ ಏರಿಯಾದಿಂದ ಎಷ್ಟು ಸಾಲು ಹೀಗೆ ಕಳೆದುಹೋದವು ಎಂದು ಎಣಿಸಿ. ಒಂದು ಕಡೆ 1%, ಇನ್ನೊಂದು ಕಡೆ 8% ಹೋಗಿದ್ದರೆ ನಕ್ಷೆಯ ಮಬ್ಬಾದ ಜಾಗಗಳಿಗೆ ಅದೇ ಕಾರಣ ಇರಬಹುದು.

ದೊಡ್ಡ ಆಸ್ಪತ್ರೆಗಳ ಮತ್ತು ಪೊಲೀಸ್ ಠಾಣೆಗಳ ಬ್ಲಾಕುಗಳನ್ನೂ ಕಣ್ಣಾರೆ ನೋಡಿ. ಗುಂಡು ತಗುಲಿದವನನ್ನು ಗೆಳೆಯರು ಕಾರಿನಲ್ಲಿ ಹಾಕಿಕೊಂಡು ಎಮರ್ಜೆನ್ಸಿಗೆ ತಂದು, ಎಲ್ಲಿ ಆಯಿತೆಂದು ಯಾರೂ ಬಾಯಿ ಬಿಡದಿದ್ದರೆ, ಆಸ್ಪತ್ರೆಯ ವಿಳಾಸವೇ ಘಟನಾಸ್ಥಳ ಆಗಿಬಿಡುವುದುಂಟು. ಟ್ರಾಮಾ ಸೆಂಟರ್ ಬಾಗಿಲಲ್ಲಿ ಚುಕ್ಕೆಗಳ ರಾಶಿ ಕಂಡರೆ ಅದನ್ನು ಹಾಟ್‌ಸ್ಪಾಟ್ ಎಂದು ಬರೆದುಬಿಡಬೇಡಿ.

ವಿಳಾಸಗಳ ಕೊನೆಯ ಎರಡು ಅಂಕಿಗಳನ್ನು ಮುಚ್ಚಿರುತ್ತಾರೆ. 6400 ಸರಣಿಯ ಬ್ಲಾಕ್, ರಸೀನ್ ಅವೆನ್ಯೂ ಎಂದಷ್ಟೇ ಸಿಗುತ್ತದೆ. ಇದರಿಂದ ಎಂಥ ತೊಡಕು ಬರುತ್ತದೆ ನೋಡಿ. ಶಿಕಾಗೋದಲ್ಲಿ ಉತ್ತರ ಮತ್ತು ಪಶ್ಚಿಮ ಬದಿಯ ಮನೆಗಳಿಗೆ ಸಮಸಂಖ್ಯೆ, ದಕ್ಷಿಣ ಮತ್ತು ಪೂರ್ವ ಬದಿಗೆ ಬೆಸಸಂಖ್ಯೆ. ರಸೀನ್ ಅವೆನ್ಯೂ ಎಂಗಲ್‌ವುಡ್ ಮತ್ತು ವೆಸ್ಟ್ ಎಂಗಲ್‌ವುಡ್ ಏರಿಯಾಗಳ ಗಡಿ. ಕೊನೆಯ ಅಂಕಿ ಗೊತ್ತಿದ್ದರೆ ಪೂರ್ವ ಫುಟ್‌ಪಾತಿನ ಘಟನೆ ಎಂಗಲ್‌ವುಡ್‌ಗೆ, ಪಶ್ಚಿಮದ್ದು ವೆಸ್ಟ್ ಎಂಗಲ್‌ವುಡ್‌ಗೆ ಎಂದು ಹೇಳಬಹುದಿತ್ತು. ಅಂಕಿ ಮುಚ್ಚಿದ ಮೇಲೆ ಚುಕ್ಕೆ ಗೆರೆಯ ಮೇಲೆಯೇ ಬಿದ್ದು, ನಿಮ್ಮ ಸಾಫ್ಟ್‌ವೇರ್ ಅದನ್ನು ಯಾವುದೋ ಒಂದು ಕಡೆಗೆ ತಳ್ಳುತ್ತದೆ. ಚುಕ್ಕೆಗಳನ್ನೂ ಬೇಕೆಂದೇ ಸ್ವಲ್ಪ ಸರಿಸಿ, ಅದೇ ಬ್ಲಾಕಿನೊಳಗೆ ಇಟ್ಟಿರುತ್ತಾರೆ. ಆದ್ದರಿಂದ ಏರಿಯಾ ಮಟ್ಟದ ಎಣಿಕೆಗೆ ಕಡತದಲ್ಲೇ ಇರುವ ಏರಿಯಾ ಕಾಲಂ ಬಳಸಿ. ಚುಕ್ಕೆಗಳನ್ನು ಗಡಿಯ ಫೈಲಿನ ಮೇಲೆ ಮತ್ತೆ ಜೋಡಿಸಲು ಹೋಗಬೇಡಿ. ಜೋಡಿಸಿದರೆ ಎಷ್ಟು ಸಾಲುಗಳಲ್ಲಿ ಎರಡಕ್ಕೂ ಹೊಂದಿಕೆಯಾಗಲಿಲ್ಲ ಎಂಬ ಸಂಖ್ಯೆಯನ್ನು ಟಿಪ್ಪಣಿಯಲ್ಲಿ ಕೊಡಿ. ಪ್ರಾಧ್ಯಾಪಕರು ‘ಗಡಿಗೆರೆಗಳ ನಕ್ಷೆ’ ಎಂದದ್ದರಲ್ಲಿ ಇದೂ ಸೇರಿರಬಹುದು.

ಆ ಗೆರೆಗಳಾದರೂ ಎಲ್ಲಿಂದ ಬಂದವು? 1920ರ ದಶಕದಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞರು ಎಳೆದವು. ಮೊದಲು 75 ಇದ್ದವು. ಆಮೇಲೆ ಓಹೇರ್ ವಿಮಾನ ನಿಲ್ದಾಣದ ಪ್ರದೇಶ ಸೇರಿತು, 1980ರಲ್ಲಿ ಎಜ್‌ವಾಟರ್ ಅಪ್‌ಟೌನ್‌ನಿಂದ ಬೇರೆಯಾಯಿತು, ಅಲ್ಲಿಗೆ 77. ನೂರು ವರ್ಷದಿಂದ ಬಹುಮಟ್ಟಿಗೆ ಬದಲಾಗದ ಗೆರೆಗಳಾದ್ದರಿಂದ ಹಳೆಯ ಕಾಲದೊಂದಿಗೆ ಹೋಲಿಸಲು ಬಲು ಅನುಕೂಲ. ಆದರೆ ಜನ ಬದುಕುವ ಬಡಾವಣೆಗಳಿಗೂ ಅವಕ್ಕೂ ಸಂಬಂಧ ಸಡಿಲವಾಗಿದೆ. ಆಸ್ಟಿನ್‌ನ ಉತ್ತರ ತುದಿಯ ಗೇಲ್‌ವುಡ್ ಮತ್ತು ಅದೇ ಆಸ್ಟಿನ್‌ನ ದಕ್ಷಿಣದ ಬೀದಿಗಳು ಒಂದೇ ಅಂಕಿಯೊಳಗೆ ಬರುತ್ತವೆ. ನಿಯರ್ ವೆಸ್ಟ್ ಸೈಡ್‌ನಲ್ಲಿ ವೆಸ್ಟ್ ಲೂಪ್‌ನ ದುಬಾರಿ ಅಪಾರ್ಟ್‌ಮೆಂಟುಗಳು, ವಿಶ್ವವಿದ್ಯಾಲಯ, ದೊಡ್ಡ ಆಸ್ಪತ್ರೆಗಳ ಸಾಲು, ಬಡವರ ಬೀದಿಗಳು ಎಲ್ಲವೂ ಒಟ್ಟಿಗೆ.

ದರ ಲೆಕ್ಕ ಹಾಕುವಾಗ ನುಸುಳುವ ತಪ್ಪಿಗೆ ಬರೋಣ. ಲೆಕ್ಕಕ್ಕಾಗಿ ಹೀಗೆಂದುಕೊಳ್ಳಿ: ಒಂದು ವರ್ಷ 96,000 ಜನರ ಏರಿಯಾದಲ್ಲಿ 240 ಘಟನೆ, 2,500 ಜನರ ಏರಿಯಾದಲ್ಲಿ 5. ಲಕ್ಷಕ್ಕೆ ಮೊದಲನೆಯದು 250, ಎರಡನೆಯದು 200. ಹತ್ತಿರ ಹತ್ತಿರ ಇವೆಯಲ್ಲ ಎನಿಸುತ್ತದೆ. ಆದರೆ ಚಿಕ್ಕ ಏರಿಯಾದಲ್ಲಿ ಮರುವರ್ಷ ಎರಡು ಘಟನೆ ಕಡಿಮೆಯಾದರೆ ದರ 120ಕ್ಕೆ ಇಳಿಯುತ್ತದೆ, ಎರಡು ಹೆಚ್ಚಾದರೆ 280ಕ್ಕೆ ಏರುತ್ತದೆ. ಅಪರೂಪದ ಘಟನೆಗಳ ಎಣಿಕೆಗೆ ಬಳಸುವ ಪಾಯ್ಸನ್ ಎಂಬ ಸಂಭವ ಲೆಕ್ಕದಲ್ಲಿ 5 ಎಂಬ ಎಣಿಕೆಯ 95% ವ್ಯಾಪ್ತಿ 1.6ರಿಂದ 11.7, ಅಂದರೆ ಲಕ್ಷಕ್ಕೆ 65ರಿಂದ 467ರವರೆಗೆ ಎಲ್ಲಿ ಬೇಕಾದರೂ ಇರಬಹುದು. ದೊಡ್ಡ ಏರಿಯಾದ ವ್ಯಾಪ್ತಿ ಸುಮಾರು 219ರಿಂದ 284 ಅಷ್ಟೇ. ಹೀಗಾಗಿಯೇ ದರದ ನಕ್ಷೆಗಳಲ್ಲಿ ಅತಿ ಕಡುಬಣ್ಣವೂ ಅತಿ ತೆಳುಬಣ್ಣವೂ ಚಿಕ್ಕ ಏರಿಯಾಗಳ ಪಾಲಿಗೇ ಬೀಳುತ್ತವೆ. ‘ಅತ್ಯಂತ ಅಪಾಯಕಾರಿ ಬಡಾವಣೆ’ ಎಂಬ ಪಟ್ಟಿಗಳನ್ನು ನೋಡಿದಾಗ ಇದನ್ನು ನೆನಪಿಡಿ.

ಇದಕ್ಕೆ ಪರಿಹಾರ ಎರಡು, ಎರಡನ್ನೂ ಮಾಡಿ. ಮೂರರಿಂದ ಐದು ವರ್ಷಗಳನ್ನು ಒಟ್ಟುಗೂಡಿಸಿ. ಆದರೆ ಯಾವ ವರ್ಷಗಳು ಎಂಬುದನ್ನು ಯೋಚಿಸಿ ಆರಿಸಿ: 2021ರಲ್ಲಿ ನಗರದ ಕೊಲೆಗಳು 800ರ ಆಸುಪಾಸಿಗೆ ಏರಿ, 2024ರ ಹೊತ್ತಿಗೆ 600ಕ್ಕಿಂತ ಕೆಳಗೆ ಬಂದಿದ್ದವು. 2020-24 ಎಂದು ಒಂದೇ ಮುದ್ದೆ ಮಾಡಿದರೆ ಆ ಏರಿಳಿತ ಕಾಣಿಸುವುದೇ ಇಲ್ಲ. ಎರಡನೆಯದು, ಎಂಪಿರಿಕಲ್ ಬೇಸ್ ಎಂಬ ನಯಗೊಳಿಸುವ ವಿಧಾನ. ಏರಿಯಾದ ಜನಸಂಖ್ಯೆ ಕಡಿಮೆ ಇದ್ದಷ್ಟೂ ಅದರ ದರವನ್ನು ನಗರದ ಸರಾಸರಿಯ ಕಡೆಗೆ ಹೆಚ್ಚು ಎಳೆಯುತ್ತದೆ, ದೊಡ್ಡ ಏರಿಯಾದ ದರವನ್ನು ಬಹುಮಟ್ಟಿಗೆ ಹಾಗೇ ಬಿಡುತ್ತದೆ. ಜಿಯೋಡಾ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಮ್ಯಾಪ್ ಮೆನುವಿನ ರೇಟ್ಸ್ ವಿಭಾಗದಲ್ಲಿ ಇದು ಸಿದ್ಧವಾಗಿದೆ. ಘಟನೆಗಳ ಕಾಲಂ, ಜನಸಂಖ್ಯೆಯ ಕಾಲಂ ಆರಿಸಿದರೆ ಸಾಕು. ಐದು ವರ್ಷದ ಎಣಿಕೆ ಹಾಕಿದರೆ ಜನಸಂಖ್ಯೆಯನ್ನೂ ಐದರಿಂದ ಗುಣಿಸಿ ಹಾಕಬೇಕು. ವಿದ್ಯಾರ್ಥಿಗಳು ಬಹಳ ಸಲ ಮರೆಯುವುದು ಇದನ್ನೇ. ಮರೆತರೆ ದರ ಐದು ಪಟ್ಟು ಹಿಗ್ಗುತ್ತದೆ.

ಛೇದದಲ್ಲಿ ನಿವಾಸಿಗಳನ್ನು ಹಾಕುವುದು ಎಲ್ಲ ಕಡೆಯೂ ಒಪ್ಪುವುದಿಲ್ಲ. ನಗರದ ನಡುವಿನ ವ್ಯಾಪಾರ ಕೇಂದ್ರವಾದ ಲೂಪ್‌ನಲ್ಲಿ ಮನೆಮಾಡಿ ಇರುವವರು ಸುಮಾರು 42,000; ಕೆಲಸಕ್ಕೆ, ಶಾಪಿಂಗಿಗೆ, ನಾಟಕಕ್ಕೆ ಬಂದುಹೋಗುವವರು ಅದರ ಹಲವು ಪಟ್ಟು. ಅಲ್ಲಿ ನಿವಾಸಿಗಳಿಂದ ಭಾಗಿಸಿದ ದರಕ್ಕೆ ಅರ್ಥವಿಲ್ಲ. ಲೂಪ್ ಮತ್ತು ಓಹೇರ್ ಎರಡಕ್ಕೂ ನಕ್ಷೆಯಲ್ಲಿ ಗೀಟುಗೆರೆ ಹಾಕಿ ‘ದರ ಕೊಟ್ಟಿಲ್ಲ’ ಎಂದು ಬರೆಯುವುದೇ ಪ್ರಾಮಾಣಿಕತೆ.

ಇಷ್ಟಾದರೆ ಏರಿಯಾ ನಕ್ಷೆ ಸಭ್ಯವಾಗುತ್ತದೆ, ಅಷ್ಟೇ. ವಿಷಯ ಇರುವುದು ಬೀದಿಯ ಮಟ್ಟದಲ್ಲಿ. ಬಾಸ್ಟನ್‌ನಲ್ಲಿ ಆಂಥನಿ ಬ್ರಾಗಾ ಮತ್ತು ಸಂಗಡಿಗರು 1980ರಿಂದ 2008ರವರೆಗಿನ ಗುಂಡೇಟುಗಳನ್ನು ಬೀದಿಯ ತುಂಡು ಮತ್ತು ಮೂಲೆಗಳಿಗೆ ಜೋಡಿಸಿ ನೋಡಿದರು. ಸುಮಾರು 5% ಜಾಗಗಳಲ್ಲೇ ಮುಕ್ಕಾಲು ಪಾಲಿನಷ್ಟು ಘಟನೆಗಳಿದ್ದವು, ಅದೂ ವರ್ಷದಿಂದ ವರ್ಷಕ್ಕೆ ಬಹುಪಾಲು ಅವೇ ಜಾಗಗಳು. ನಮ್ಮ ಹೆದ್ದಾರಿಗಳ ಬ್ಲ್ಯಾಕ್ ಸ್ಪಾಟ್ ಲೆಕ್ಕ ಗೊತ್ತಿರುವವರಿಗೆ ಇದು ಹೊಸತಲ್ಲ: ‘ಈ ತಾಲ್ಲೂಕಿನಲ್ಲಿ ಅಪಘಾತ ಜಾಸ್ತಿ’ ಎಂದರೆ ಯಾವ ಎಂಜಿನಿಯರಿಗೂ ಉಪಯೋಗವಿಲ್ಲ, ಯಾವ 500 ಮೀಟರ್ ಎಂದು ಹೇಳಬೇಕು.

ಮಾಡುವ ಕ್ರಮ ಸರಳ. ನಗರದ ರಸ್ತೆಗಳ ಮಧ್ಯರೇಖೆಯ ಫೈಲ್ ತನ್ನಿ. ಒಂದು ಮೂಲೆಯಿಂದ ಮುಂದಿನ ಮೂಲೆಯವರೆಗೆ ಒಂದು ತುಂಡು. ಪ್ರತಿ ಘಟನೆಯನ್ನು 30 ಮೀಟರ್ ಒಳಗಿನ ಹತ್ತಿರದ ತುಂಡಿಗೆ ಅಂಟಿಸಿ. ಮೂಲೆಯಲ್ಲೇ ಬಿದ್ದದ್ದನ್ನು ಬೇರೆ ಎಣಿಸಿ, ಇಲ್ಲದಿದ್ದರೆ ಒಂದೇ ಮೂಲೆಯ ಘಟನೆಗಳು ನಾಲ್ಕು ತುಂಡುಗಳಿಗೆ ಹಂಚಿಹೋಗುತ್ತವೆ. ತುಂಡುಗಳನ್ನು ಎಣಿಕೆಯ ಇಳಿಕೆಯಲ್ಲಿ ಜೋಡಿಸಿ, ಅರ್ಧ ಘಟನೆಗಳು ಎಷ್ಟು ಶೇಕಡಾ ತುಂಡುಗಳಲ್ಲಿ ಮುಗಿದವು ಎಂದು ನೋಡಿ.

ಇಲ್ಲೊಂದು ಬಲೆ ಇದೆ. ನಗರದಲ್ಲಿ 50,000 ತುಂಡುಗಳು, ವರ್ಷಕ್ಕೆ 3,000 ಘಟನೆಗಳು ಎಂದುಕೊಳ್ಳಿ. ಒಂದೊಂದೂ ಬೇರೆ ಬೇರೆ ತುಂಡಿನಲ್ಲಿ ಆದರೂ 94% ತುಂಡುಗಳು ಖಾಲಿಯೇ ಇರಬೇಕು! 3,000 ಚುಕ್ಕೆಗಳನ್ನು ಕಣ್ಣುಮುಚ್ಚಿ ಎರಚಿದರೂ ಅರ್ಧದಷ್ಟು 3%ಕ್ಕಿಂತ ಕಡಿಮೆ ತುಂಡುಗಳಲ್ಲಿ ಸಿಕ್ಕೇ ಸಿಗುತ್ತವೆ. ಆದ್ದರಿಂದ ‘ಅರ್ಧ ಗುಂಡೇಟು ಬರೀ 3% ಬೀದಿಗಳಲ್ಲಿ’ ಎಂಬ ವಾಕ್ಯ ಒಂದು ವರ್ಷದ ದತ್ತಾಂಶದ ಮೇಲೆ ನಿಂತಿದ್ದರೆ ಅದು ಏನನ್ನೂ ಹೇಳುತ್ತಿಲ್ಲ. ನಿಜವಾಗಿ ಕಟ್ಟಿಕೊಂಡಿದೆಯೇ ಎಂದು ತಿಳಿಯಲು ಮೊದಲ ಮೂರು ವರ್ಷದಲ್ಲಿ ಮುಂದಿದ್ದ 1% ತುಂಡುಗಳನ್ನು ಗುರುತು ಮಾಡಿ, ಮುಂದಿನ ಮೂರು ವರ್ಷದ ಘಟನೆಗಳಲ್ಲಿ ಅವೇ ತುಂಡುಗಳ ಪಾಲು ಎಷ್ಟು ಎಂದು ಎಣಿಸಿ. ಕಾಕತಾಳೀಯವಾಗಿದ್ದರೆ ಪಾಲು 1%ರ ಹತ್ತಿರಕ್ಕೆ ಬೀಳುತ್ತದೆ. ಹತ್ತಾರು ಪಟ್ಟು ಇದ್ದರೆ ಜಾಗದಲ್ಲೇ ಏನೋ ಇದೆ. ನನ್ನನ್ನು ಕೇಳಿದರೆ ನಿಮ್ಮ ಪ್ರಾಜೆಕ್ಟಿನ ಮುಖ್ಯ ಕೋಷ್ಟಕ ಇದೇ ಆಗಬೇಕು.

ಹೀಟ್‌ಮ್ಯಾಪ್, ಅಂದರೆ ಪ್ರತಿ ಚುಕ್ಕೆಯ ಸುತ್ತ ಬಣ್ಣ ಹರಡಿ ದಟ್ಟಣೆ ತೋರಿಸುವ ನಕ್ಷೆ, ಬೇಕೇಬೇಕೆಂದರೆ ಮಾಡಿ, ಆದರೆ ಬಣ್ಣ ಹರಡುವ ತ್ರಿಜ್ಯ ನೀವೇ ಹಾಕಿ. ಶಿಕಾಗೋದ ವಿಳಾಸಗಳು ಮೈಲಿಗೆ 800, ಅಂದರೆ ಎಂಟು ಬ್ಲಾಕ್. ಒಂದು ಬ್ಲಾಕ್ ಸುಮಾರು 200 ಮೀಟರ್. 400 ಮೀಟರ್ ತ್ರಿಜ್ಯ, 50 ಮೀಟರ್ ಚೌಕದಿಂದ ಆರಂಭಿಸಿ. 200ಕ್ಕೆ ಇಳಿಸಿದರೆ ಮೊಡವೆ ಎದ್ದ ಹಾಗಾಗುತ್ತದೆ, 1,500ಕ್ಕೆ ಏರಿಸಿದರೆ ಇಡೀ ಪಶ್ಚಿಮ ಭಾಗ ಒಂದೇ ಕೆಂಪು ಮೋಡ. ಮೂರು ಕಡೆ ಎಡವುತ್ತಾರೆ. ಅಕ್ಷಾಂಶ-ರೇಖಾಂಶದಲ್ಲೇ ಲೆಕ್ಕ ಮಾಡಿದರೆ ಈ ನಗರದ ಬಳಿ ಒಂದು ಡಿಗ್ರಿ ಉತ್ತರ-ದಕ್ಷಿಣಕ್ಕೆ 111 ಕಿ.ಮೀ., ಪೂರ್ವ-ಪಶ್ಚಿಮಕ್ಕೆ ಸುಮಾರು 83 ಕಿ.ಮೀ.; ವೃತ್ತಗಳು ಮೊಟ್ಟೆಯಾಕಾರ ತಾಳುತ್ತವೆ. ಸ್ಟೇಟ್ ಪ್ಲೇನ್‌ನಲ್ಲಿ (ಸಾಫ್ಟ್‌ವೇರಿನಲ್ಲಿ ಅದರ ಸಂಕೇತ ಇಪಿಎಸ್‌ಜಿ 3435) 400 ಎಂದು ಟೈಪಿಸಿದರೆ ಅದು 400 ಅಡಿ, ಬರೀ 122 ಮೀಟರ್. ಮೀಟರ್ ಬೇಕಿದ್ದರೆ ಯುಟಿಎಂ 16 ಉತ್ತರ ಎಂಬ ಅಳತೆ, ಇಪಿಎಸ್‌ಜಿ 26916 ಬಳಸಿ. ಮೂರನೆಯದು ಅಂಚು: ಬಣ್ಣ ಮಿಶಿಗನ್ ಸರೋವರದ ನೀರಿನ ಮೇಲೂ ಚೆಲ್ಲುತ್ತದೆ. ಆಸ್ಟಿನ್ ಬುಲೆವಾರ್ಡಿನ ಆಚೆ ಓಕ್ ಪಾರ್ಕ್ ಬೇರೆ ಪುರಸಭೆ, ಅದರ ದತ್ತಾಂಶ ನಿಮ್ಮಲ್ಲಿಲ್ಲ, ಆದ್ದರಿಂದ ಆ ಗಡಿಯಲ್ಲಿ ಬಣ್ಣ ಸುಳ್ಳಾಗಿ ತಿಳಿಯಾಗುತ್ತದೆ. ನಗರದ ಗಡಿಗೆ ಕತ್ತರಿಸಿ, ಅಂಚಿನ ಒಂದು ತ್ರಿಜ್ಯದಷ್ಟು ಪಟ್ಟಿಯ ಬಗ್ಗೆ ಏನನ್ನೂ ತೀರ್ಮಾನಿಸಬೇಡಿ.

ಹೆಚ್ಚು ಎಣಿಕೆಯ ಜಾಗಗಳು ಒಂದೆಡೆ ಸೇರಿವೆಯೇ ಎಂದು ನೋಡುವ ಗೆಟಿಸ್-ಆರ್ಡ್, ಲೋಕಲ್ ಮೊರಾನ್ ಪರೀಕ್ಷೆಗಳನ್ನು ತರಗತಿಯಲ್ಲಿ ಹೇಳಿಕೊಟ್ಟಿರುತ್ತಾರೆ. 77 ಏರಿಯಾಗಳ ಮೇಲೆ 0.05 ಮಟ್ಟದಲ್ಲಿ ನಡೆಸಿದರೆ ಏನೂ ಇಲ್ಲದಿದ್ದರೂ ನಾಲ್ಕು ಏರಿಯಾ ಹೊಳೆಯುತ್ತವೆ. ಒಟ್ಟಿಗೆ ಹಲವು ಪರೀಕ್ಷೆ ನಡೆಸಿದಾಗ ಮಾಡುವ ತಿದ್ದುಪಡಿ ಹಾಕಿಯೇ ಓದಿ.

ಕಾಲವನ್ನೂ ಮರೆಯಬೇಡಿ. ಫಿಲಡೆಲ್ಫಿಯಾದ ಗುಂಡೇಟುಗಳ ಮೇಲೆ ಜೆರ್ರಿ ರಾಟ್‌ಕ್ಲಿಫ್ ಮತ್ತು ಜಾರ್ಜ್ ರೆಂಗರ್ಟ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಗುಂಡೇಟಾದ ಮೇಲೆ ಎರಡು ವಾರದೊಳಗೆ ಒಂದು ಬ್ಲಾಕ್ ಅಂತರದಲ್ಲಿ ಮತ್ತೊಂದಾಗುವ ಸಂಭವ 33% ಹೆಚ್ಚಿತ್ತು. ಸೇಡಿನ ಸರಪಳಿ ಅದು. ಹಾಗಾಗಿ ವರ್ಷವಿಡೀ ಮಂದವಾಗಿ ಉರಿಯುವ ಬೀದಿಯೂ, ಹದಿನೈದು ದಿನ ಹೊತ್ತಿ ಆರುವ ಬೀದಿಯೂ ನಕ್ಷೆಯಲ್ಲಿ ಒಂದೇ ಥರ ಕಾಣುತ್ತವೆ, ಮದ್ದು ಮಾತ್ರ ಬೇರೆ. ಎರಡನೆಯದಕ್ಕೆ ವಾರದೊಳಗೆ ಮಧ್ಯಸ್ಥಿಕೆಗೆ ಜನ ಬೇಕು; ಸೀಸ್‌ಫೈರ್ ಎಂಬ ಹೆಸರಿನಲ್ಲಿ ಈ ಕೆಲಸ 2000ದಲ್ಲಿ ಶುರುವಾದದ್ದು ಇದೇ ನಗರದ ವೆಸ್ಟ್ ಗಾರ್ಫೀಲ್ಡ್ ಪಾರ್ಕ್‌ನಲ್ಲಿ. ಮೊದಲನೆಯದಕ್ಕೆ ಜಾಗವನ್ನೇ ಬದಲಿಸಬೇಕು. ಫಿಲಡೆಲ್ಫಿಯಾದಲ್ಲಿ 541 ಪಾಳು ನಿವೇಶನಗಳನ್ನು ಚೀಟಿ ಎತ್ತಿದಂತೆ ಹಂಚಿ, ಕೆಲವನ್ನು ಕಸ ತೆಗೆದು, ಹುಲ್ಲು ಹಾಸಿ, ಗಿಡ ನೆಟ್ಟು, ಮೋಟು ಬೇಲಿ ಹಾಕಿ ನೋಡಿದರು. ಬಡತನ ರೇಖೆಗಿಂತ ಕೆಳಗಿನ ಬಡಾವಣೆಗಳಲ್ಲಿ ಗುಂಡಿನ ಹಿಂಸೆ 29% ಇಳಿಯಿತೆಂದು 2018ರಲ್ಲಿ ವರದಿಯಾಯಿತು. ನಿಮ್ಮ ಬೀದಿ ನಕ್ಷೆಯ ಮೇಲೆ ಪಾಳು ನಿವೇಶನಗಳು, ಮುಚ್ಚಿದ ಶಾಲೆಗಳು, 1930ರ ದಶಕದ ಸಾಲ ನಿರಾಕರಣೆಯ ಕೆಂಪುಗೆರೆ ನಕ್ಷೆಗಳನ್ನು ಹೊದಿಸಿದರೆ ಮಾತಾಡಲು ಬಹಳ ಸಿಗುತ್ತದೆ. ಜನಾಂಗದ ಶೇಕಡಾವಾರನ್ನು ಒಂಟಿಯಾಗಿ ಪಕ್ಕದಲ್ಲಿಟ್ಟು ತೋರಿಸುವ ನಕ್ಷೆ ಮಾತ್ರ ಬೇಡ. ಯಾರನ್ನು ಎಲ್ಲಿ ವಾಸಿಸಲು ಬಿಟ್ಟರು, ಎಲ್ಲಿ ಬಿಡಲಿಲ್ಲ ಎಂಬ ಚರಿತ್ರೆಯನ್ನು ಅದು ಚರ್ಮದ ಗುಣವಾಗಿ ಮಾರಿಬಿಡುತ್ತದೆ.

ಬಣ್ಣದ ವಿಷಯ. ಎರಡು ಅವಧಿ ಹೋಲಿಸುವಾಗ ಎರಡಕ್ಕೂ ಅದೇ ಅಂಕಿಗಳ ಮೆಟ್ಟಿಲು ಇಡಿ. ಸಾಫ್ಟ್‌ವೇರ್ ತಾನೇ ಕೊಡುವ ಕ್ವಾಂಟೈಲ್ ಹಂಚಿಕೆಯಲ್ಲಿ ಐದನೇ ಒಂದು ಭಾಗ ಏರಿಯಾಗಳು ಯಾವಾಗಲೂ ಕಡುಗೆಂಪೇ. ನಗರದಲ್ಲಿ ಗುಂಡೇಟು ಅರ್ಧಕ್ಕಿಳಿದರೂ ನಕ್ಷೆ ಹಾಗೇ ಇರುತ್ತದೆ.

ಬೀದಿ ಮಟ್ಟದ ನಕ್ಷೆ ನಿಜಕ್ಕೆ ಹತ್ತಿರ, ಆದರೆ ಹೊರಗೆ ಕೊಡುವುದು ಅಪಾಯ. ಬ್ಲಾಕ್, ದಿನಾಂಕ, ಗಂಟೆ, ವಯಸ್ಸು, ಲಿಂಗ ಸೇರಿದರೆ ಹೆಸರಿಲ್ಲದೆಯೂ ಆ ಬೀದಿಯವರಿಗೆ ವ್ಯಕ್ತಿ ಯಾರೆಂದು ತಿಳಿಯುತ್ತದೆ. ಬದುಕುಳಿದವರು ಅಲ್ಲೇ ಇರುತ್ತಾರೆ, ಎದುರಾಳಿಗಳೂ. ತರಗತಿಗೆ ಪೂರ್ಣ ನಕ್ಷೆ ಸಲ್ಲಿಸಿ. ಸಾರ್ವಜನಿಕ ಪ್ರತಿಗೆ ಐದು ವರ್ಷ ಒಟ್ಟುಗೂಡಿಸಿ, ತೀರಾ ಈಚಿನ ತಿಂಗಳುಗಳನ್ನು ಬಿಟ್ಟು, ವಯಸ್ಸು-ಲಿಂಗ ತೆಗೆದು, 400 ಮೀಟರ್ ಹೀಟ್‌ಮ್ಯಾಪ್ ಮಾತ್ರ ಕೊಡಿ. ಒತ್ತಿದರೆ ಘಟನೆಯ ವಿವರ ತೆರೆದುಕೊಳ್ಳುವ ಚುಕ್ಕೆಗಳನ್ನು ಇಡಬೇಡಿ.

ರೂಮ್ ಹುಡುಕುತ್ತಿರುವ ಹುಡುಗರಿಗೆ ಏರಿಯಾ ನಕ್ಷೆ ಕೊಡಬೇಡಿ. ನಿಯರ್ ವೆಸ್ಟ್ ಸೈಡ್ ಎಂದು ಹೇಳಿದರೆ ಅವರಿಗೆ ಏನೂ ತಿಳಿಯುವುದಿಲ್ಲ, ಸೌತ್ ಸೈಡ್ ಬೇಡ ಎಂದರೆ ನಗರದ ಸುಮಾರು ಅರ್ಧ ಭಾಗವನ್ನೇ ಕೈಬಿಟ್ಟಂತೆ. ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯೂ ಶಿಕಾಗೋ ವಿಶ್ವವಿದ್ಯಾಲಯವೂ ಇರುವುದು ಅಲ್ಲೇ. ಬಾಡಿಗೆಗೆ ಸಿಕ್ಕಿರುವ ಮನೆಯ ವಿಳಾಸ ಕೇಳಿ. ಆ ಮನೆಯಿಂದ ರೈಲು ಅಥವಾ ಬಸ್ ನಿಲ್ದಾಣಕ್ಕೆ ಅವರು ನಿಜವಾಗಿ ನಡೆಯುವ ದಾರಿಯ ಎರಡೂ ಬದಿಗೆ ಒಂದು ಬ್ಲಾಕ್ ಪಟ್ಟಿ ಎಳೆದು, ಮೂರು ವರ್ಷದಲ್ಲಿ ಎಷ್ಟು ಘಟನೆ, ಯಾವ ಗಂಟೆಗಳಲ್ಲಿ ಎಂದು ಎಣಿಸಿ. ಅದೇ ಲೆಕ್ಕವನ್ನು ಅವರು ನೋಡುತ್ತಿರುವ ಇನ್ನೆರಡು ಮನೆಗಳಿಗೂ ಮಾಡಿ ಪಕ್ಕಪಕ್ಕ ಇಡಿ. ಜೊತೆಗೆ ದರೋಡೆಯ ಲೆಕ್ಕವನ್ನೂ ಬೇರೆ ಕಾಲಂನಲ್ಲಿ ಹಾಕಿ; ರಾತ್ರಿ ಲ್ಯಾಬ್ ಮುಗಿಸಿ ನಡೆದು ಬರುವ ವಿದ್ಯಾರ್ಥಿಗೆ ಗುಂಡೇಟಿಗಿಂತ ಫೋನ್ ಕಸಿಯುವವನು ಎದುರಾಗುವ ಸಂಭವವೇ ಹೆಚ್ಚು.